ಯುದ್ಧ ಬೇಡವೆನ್ನುವವರ ಪುರಾವೆ

2004ರ ಮೇ 1ರಂದು ಲಂಡನ್ನಿನ ಡೈಲಿ ಮಿರರ್ ಪತ್ರಿಕೆಯ ಮುಖಪುಟದಲ್ಲಿ ಒಂದು ಚಿತ್ರ ಬಂತು. ತಲೆಗೆ ಚೀಲ ಮುಚ್ಚಿ ಕೂರಿಸಿದ ಇರಾಕಿ ಕೈದಿಯ ಮೇಲೆ ಬ್ರಿಟಿಷ್ ಸೈನಿಕ ಮೂತ್ರ ಮಾಡುತ್ತಿರುವಂತೆ ಕಾಣುವ ಚಿತ್ರ. ಮಿರರ್ ಇರಾಕ್ ಯುದ್ಧವನ್ನು ಗಟ್ಟಿಯಾಗಿ ವಿರೋಧಿಸಿದ್ದ ಪತ್ರಿಕೆ. ಅಬು ಗ್ರೈಬ್ ಸೆರೆಮನೆಯಲ್ಲಿ ಕೈದಿಗಳಿಗೆ ಕೊಟ್ಟ ಹಿಂಸೆಯ ಚಿತ್ರಗಳನ್ನು ಜಗತ್ತು ಅದೇ ವಾರ ನೋಡಿತ್ತಾದ್ದರಿಂದ ಇದೂ ನಂಬುವಂತೆಯೇ ಇತ್ತು. ಎರಡು ವಾರದಲ್ಲಿ ಎಲ್ಲವೂ ಕುಸಿಯಿತು. ಚಿತ್ರದಲ್ಲಿ ಕಾಣುವ ಲಾರಿ ಇರಾಕಿಗೆ ಹೋಗಿಯೇ ಇರಲಿಲ್ಲವೆಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಸಂಪಾದಕ ಪಿಯರ್ಸ್ ಮೋರ್ಗನ್ ಕೆಲಸ ಕಳೆದುಕೊಂಡರು. ತಾನು ಮೋಸಹೋದೆನೆಂದು ಪತ್ರಿಕೆ ಕ್ಷಮೆ ಕೇಳಿತು.

ಚಿತ್ರಗಳು ದೂರಿದ್ದು ಕ್ವೀನ್ಸ್ ಲ್ಯಾಂಕಾಷೈರ್ ರೆಜಿಮೆಂಟನ್ನು. ಅದೇ ರೆಜಿಮೆಂಟಿನ ವಶದಲ್ಲಿ, ಆ ಚಿತ್ರಗಳಿಗೆ ಏಳೆಂಟು ತಿಂಗಳ ಮೊದಲು, ಬಾಸ್ರಾದಲ್ಲಿ ಒಬ್ಬ ಮನುಷ್ಯ ನಿಜವಾಗಿಯೇ ಸತ್ತಿದ್ದ. ಬಹಾ ಮೂಸಾ, ವಯಸ್ಸು 26, ಹೋಟೆಲಿನ ಸ್ವಾಗತಕಾರ, ಎರಡು ಮಕ್ಕಳ ತಂದೆ. 2003ರ ಸೆಪ್ಟೆಂಬರ್ 14ರಂದು ಹಿಡಿದೊಯ್ದರು. ಮರುದಿನ ಆತ ಹೆಣವಾಗಿದ್ದ. ಮೈಮೇಲೆ 93 ಗಾಯಗಳಿದ್ದವು. ಪತ್ರಕರ್ತ ರಾಬರ್ಟ್ ಫಿಸ್ಕ್ ಇದನ್ನು 2004ರ ಜನವರಿಯಲ್ಲೇ ಬರೆದಿದ್ದರು. ಆದರೆ ಆ ಮೇ ತಿಂಗಳಲ್ಲಿ ಬ್ರಿಟನ್ ಮಾತಾಡಿದ್ದು ಲಾರಿಯ ಮಾದರಿ, ಬಂದೂಕಿನ ಮಾದರಿ, ರೆಜಿಮೆಂಟಿನ ಮರ್ಯಾದೆಯ ಬಗ್ಗೆ. ಸೈನಿಕನೊಬ್ಬ ಅಮಾನವೀಯ ವರ್ತನೆಯ ತಪ್ಪೊಪ್ಪಿಕೊಂಡದ್ದು 2006ರಲ್ಲಿ. ಸರ್ ವಿಲಿಯಂ ಗೇಜ್ ಅವರ ಸಾರ್ವಜನಿಕ ತನಿಖೆಯ ವರದಿ ಹೊರಬಂದದ್ದು 2011ರಲ್ಲಿ.

ಯುದ್ಧ ವಿರೋಧಿ ಚಳವಳಿಯ ಸತ್ಯನಿಷ್ಠೆಯ ಪ್ರಶ್ನೆಯನ್ನು ನಾನು ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ನೋಡುತ್ತೇನೆ. ಸರ್ಕಾರಗಳು ಹೇಳಿದ ಸುಳ್ಳುಗಳ ಮುಂದೆ ಚಳವಳಿಗಾರರ ತಪ್ಪುಗಳು ಗಾತ್ರದಲ್ಲಿ ಬಹಳ ಸಣ್ಣವು. 1964ರ ಆಗಸ್ಟ್ 4ರಂದು ಟೊಂಕಿನ್ ಕೊಲ್ಲಿಯಲ್ಲಿ ನಡೆಯದ ದಾಳಿಯ ಹೆಸರಿನಲ್ಲಿ ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಇಳಿಯಿತು. ಸೆನೆಟ್ಟಿನಲ್ಲಿ ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್ ಇಬ್ಬರೇ ಅದಕ್ಕೆ ಅನುಮತಿ ಕೊಟ್ಟ ನಿರ್ಣಯದ ವಿರುದ್ಧ ಮತ ಹಾಕಿದರು. 1990ರ ಅಕ್ಟೋಬರಿನಲ್ಲಿ ಕುವೈತಿನ ಹುಡುಗಿಯೊಬ್ಬಳು, ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳಿಂದ ಶಿಶುಗಳನ್ನು ತೆಗೆದು ನೆಲಕ್ಕೆ ಹಾಕಿದರೆಂದು ಅಳುತ್ತ ಹೇಳಿದಳು. ಆಕೆ ಕುವೈತಿನ ರಾಯಭಾರಿಯ ಮಗಳೆಂದು, ಆ ಪ್ರಚಾರದ ಹಿಂದೆ ಹಿಲ್ ಅಂಡ್ ನೋಲ್ಟನ್ ಎಂಬ ಕಂಪನಿ ಇತ್ತೆಂದು ಲೋಕಕ್ಕೆ ತಿಳಿದದ್ದು ಯುದ್ಧ ಮುಗಿದ ಮೇಲೆ. 2003ರ ಸಾಮೂಹಿಕ ವಿನಾಶದ ಅಸ್ತ್ರಗಳ ಕತೆ ಎಲ್ಲರಿಗೂ ಗೊತ್ತು. ಹೀಗಿರುವಾಗ ದುರ್ಬಲರ ತಪ್ಪುಗಳನ್ನು ಎಣಿಸುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ನನ್ನ ಉತ್ತರ ಇಷ್ಟು: ಸರ್ಕಾರದ ಸುಳ್ಳು ಬಯಲಾಗುವ ಹೊತ್ತಿಗೆ ಅದು ಮಾಡಬೇಕಾದ ಕೆಲಸ ಮಾಡಿ ಮುಗಿಸಿರುತ್ತದೆ, ಸೇನೆ ಗಡಿ ದಾಟಿರುತ್ತದೆ. ಚಳವಳಿಗೆ ಸೇನೆಯಿಲ್ಲ, ಖಜಾನೆಯಿಲ್ಲ. ಜನ ಅದರ ಮಾತನ್ನು ನಂಬಿದರೆ ಮಾತ್ರ ಅದಕ್ಕೆ ಬಲ. ಆ ಮಾತು ಸುಳ್ಳಾದಾಗ ಹೆಚ್ಚಿನ ಬೆಲೆ ತೆರುವವರು, ಯಾರ ಪರವಾಗಿ ಅದನ್ನು ಆಡಲಾಯಿತೋ ಅವರು.

ಈ ಚರಿತ್ರೆಯಲ್ಲಿ ಆರ್ಥರ್ ಪಾನ್ಸನ್‌ಬಿಯ ಪ್ರಕರಣದಷ್ಟು ಪಾಠವಿರುವುದು ಇನ್ನೊಂದಿಲ್ಲ. ಬ್ರಿಟಿಷ್ ಸಂಸದ, 1914ರಲ್ಲಿ ಹುಟ್ಟಿದ ಯೂನಿಯನ್ ಆಫ್ ಡೆಮಾಕ್ರಟಿಕ್ ಕಂಟ್ರೋಲ್ ಎಂಬ ಯುದ್ಧ ವಿರೋಧಿ ಕೂಟದ ನಾಯಕರಲ್ಲೊಬ್ಬ. ಮೊದಲ ಮಹಾಯುದ್ಧದಲ್ಲಿ ಹಬ್ಬಿದ ಸುಳ್ಳುಗಳನ್ನೆಲ್ಲ ಕಲೆಹಾಕಿ 1928ರಲ್ಲಿ ಪುಸ್ತಕ ತಂದ. ಜರ್ಮನರು ಹೆಣಗಳನ್ನು ಕಾಯಿಸಿ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಿದ್ದಾರೆ ಎಂಬ 1917ರ ವದಂತಿ ಅದರಲ್ಲಿತ್ತು; ಆ ಕತೆಗೆ ಆಧಾರವಿಲ್ಲವೆಂದು ಬ್ರಿಟಿಷ್ ವಿದೇಶಾಂಗ ಸಚಿವ ಆಸ್ಟಿನ್ ಚೇಂಬರ್ಲೇನ್ 1925ರಲ್ಲಿ ಸಂಸತ್ತಿನಲ್ಲೇ ಒಪ್ಪಿಕೊಂಡಿದ್ದರು. ಪುಸ್ತಕ ಬಹಳ ಓದಿಸಿಕೊಂಡಿತು. ಯುದ್ಧಪ್ರಚಾರವನ್ನು ಗುರುತಿಸಲು ಒಂದು ಪೀಳಿಗೆಗೆ ಕಲಿಸಿತು. ಅದರ ಋಣ ಇಂದಿಗೂ ನಮ್ಮ ಮೇಲಿದೆ.

ಆದರೆ ಆ ಪುಸ್ತಕವೇ ಎರಡು ಕಡೆ ಎಡವಿತು. ಆಂಟ್‌ವರ್ಪ್ ನಗರ ಬಿದ್ದಾಗ ಚರ್ಚಿನ ಗಂಟೆ ಬಾರಿಸಿದ ಸುದ್ದಿಯೊಂದು ಪತ್ರಿಕೆಯಿಂದ ಪತ್ರಿಕೆಗೆ ಹೋಗುತ್ತ ಹೇಗೆ ಪಾದ್ರಿಗಳನ್ನು ಗಂಟೆಗೇ ನೇತುಹಾಕಿದ ಕತೆಯಾಯಿತು ಎಂಬ ಉದಾಹರಣೆ ಅದರಲ್ಲಿದೆ. ಸುಳ್ಳು ಬೆಳೆಯುವ ಬಗೆಗೆ ಇದಕ್ಕಿಂತ ಚಂದದ ದೃಷ್ಟಾಂತ ಸಿಗಲಿಕ್ಕಿಲ್ಲ. ಆದರೆ ಹೆಸರಿಸಿದ ಪತ್ರಿಕೆಗಳು ಆ ಸಾಲುಗಳನ್ನು ಮುದ್ರಿಸಿರಲಿಲ್ಲ. ಅದು ಯುದ್ಧಕಾಲದಲ್ಲಿ ಜರ್ಮನ್ ಕಡೆಯಿಂದ ಹೆಣೆದ ಬರಹ. ಸುಳ್ಳು ಬಯಲು ಮಾಡಲು ಹೊರಟವನು ಮೂಲ ಸಂಚಿಕೆಗಳನ್ನು ತೆರೆದು ನೋಡಲಿಲ್ಲ. ಎರಡನೆಯದು ಇನ್ನೂ ಭಾರವಾದದ್ದು. ಬೆಲ್ಜಿಯಂನಲ್ಲಿ ಜರ್ಮನ್ ಸೇನೆ ನಡೆಸಿದ ಕ್ರೌರ್ಯವೆಲ್ಲ ಬ್ರಿಟಿಷ್ ಕಟ್ಟುಕತೆ ಎಂಬ ಭಾವನೆ ಇಂಥ ಬರಹಗಳಿಂದ ಗಟ್ಟಿಯಾಯಿತು. ಆ ಕ್ರೌರ್ಯಗಳ ಬಗ್ಗೆ ಬ್ರಿಟನ್ ಹೊರತಂದ 1915ರ ಬ್ರೈಸ್ ವರದಿ ಪ್ರಮಾಣವಿಲ್ಲದ, ಹೆಸರಿಲ್ಲದ ಹೇಳಿಕೆಗಳನ್ನು ನಂಬಿ ಬರೆದದ್ದು ನಿಜ. ಕೈ ಕತ್ತರಿಸಿದ ಮಕ್ಕಳ ಕತೆಗಳಿಗೆ ಆಧಾರವಿರಲಿಲ್ಲ ಎಂಬುದೂ ನಿಜ. ಆದರೆ 1914ರ ಆಗಸ್ಟಿನಲ್ಲಿ ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯ ಉರಿದುಹೋದದ್ದು, ದೀನಾಂ ಪಟ್ಟಣದಲ್ಲಿ 674 ನಾಗರಿಕರನ್ನು ಕೊಂದದ್ದು ಕಟ್ಟುಕತೆಯಲ್ಲ. ಜಾನ್ ಹಾರ್ನ್ ಮತ್ತು ಆಲನ್ ಕ್ರೇಮರ್ ಎಂಬ ಇತಿಹಾಸಕಾರರು 2001ರಲ್ಲಿ ಆ ದಾಖಲೆಗಳನ್ನೆಲ್ಲ ಶೋಧಿಸಿ, ಬೆಲ್ಜಿಯಂ ಮತ್ತು ಫ್ರಾನ್ಸಿನಲ್ಲಿ ಹೀಗೆ ಕೊಲ್ಲಲ್ಪಟ್ಟ ನಾಗರಿಕರು ಸುಮಾರು 6,500 ಮಂದಿ ಎಂದು ತೋರಿಸಿದರು. ಎಂಬತ್ತಕ್ಕೂ ಹೆಚ್ಚು ವರ್ಷ ಆ ಸತ್ತವರು ಅರ್ಧ ಸುಳ್ಳಿನ ನೆರಳಲ್ಲಿದ್ದರು.

ಇದರ ಮುಂದಿನ ಅಧ್ಯಾಯ 1943ರಲ್ಲಿ ನಡೆಯಿತು. ಪೋಲೆಂಡಿನ ವಿಷಾನಿಲ ಕೋಣೆಗಳ ಉಲ್ಲೇಖವನ್ನು ಮಿತ್ರರಾಷ್ಟ್ರಗಳ ಹೇಳಿಕೆಯಿಂದ ತೆಗೆಸುವಾಗ ಬ್ರಿಟಿಷ್ ಗುಪ್ತಚರ ಸಮಿತಿಯ ಅಧ್ಯಕ್ಷ ವಿಕ್ಟರ್ ಕ್ಯಾವೆಂಡಿಶ್-ಬೆಂಟಿಂಕ್ ನೆನಪಿಸಿದ್ದು ಹಿಂದಿನ ಯುದ್ಧದ ಆ ಹೆಣದ ಕಾರ್ಖಾನೆಯ ಸುಳ್ಳನ್ನೇ. ಸುಳ್ಳು ಹೇಳಿದವರು ಯುದ್ಧಪ್ರಚಾರಕರು, ಶಾಂತಿವಾದಿಗಳಲ್ಲ. ಆದರೂ ಸುಳ್ಳನ್ನು ಕಳಚುವಾಗ ನಿಜವನ್ನೂ ಜೊತೆಗೇ ಎಸೆದುಬಿಟ್ಟರೆ ಏನಾಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ಪಾನ್ಸನ್‌ಬಿಯ ಸಂಗಾತಿ ಇ. ಡಿ. ಮೊರೆಲ್ ಇನ್ನೊಂದು ಬಗೆಯ ಪಾಠ. ಹಡಗು ಕಂಪನಿಯೊಂದರ ಗುಮಾಸ್ತನಾಗಿ ಆಂಟ್‌ವರ್ಪಿನಲ್ಲಿ ಲೆಕ್ಕದ ಪುಸ್ತಕ ನೋಡುತ್ತ, ಕಾಂಗೋದಿಂದ ರಬ್ಬರ್ ಮತ್ತು ದಂತ ಬರುತ್ತಿದೆ, ಹಿಂದಕ್ಕೆ ಹೋಗುತ್ತಿರುವುದು ಬಂದೂಕು ಮದ್ದುಗುಂಡು ಮಾತ್ರ ಎಂದು ಗಮನಿಸಿ, ಅಲ್ಲಿ ನಡೆಯುತ್ತಿರುವುದು ಗುಲಾಮಗಿರಿ ಎಂದು ಸಾಬೀತು ಮಾಡಿದ ಮನುಷ್ಯ ಆತ. ಯುದ್ಧವನ್ನು ವಿರೋಧಿಸಿ 1917ರಲ್ಲಿ ಆರು ತಿಂಗಳ ಜೈಲುಶಿಕ್ಷೆಗೆ ಒಳಗಾದ. ಅದೇ ಮೊರೆಲ್ 1920ರಲ್ಲಿ, ರೈನ್ ಪ್ರದೇಶದಲ್ಲಿದ್ದ ಫ್ರೆಂಚ್ ಸೇನೆಯ ಆಫ್ರಿಕನ್ ಸೈನಿಕರ ಮೇಲೆ ಜನಾಂಗದ್ವೇಷದ, ಹಿಗ್ಗಿಸಿದ ಆರೋಪಗಳ ಆಂದೋಲನ ನಡೆಸಿದ. ವರ್ಸೇಲ್ಸ್ ಒಪ್ಪಂದದ ಅನ್ಯಾಯವನ್ನು ತೋರಿಸುವ ಆತುರ ಅವನದು. ಲೆಕ್ಕದ ಪುಸ್ತಕ ನೋಡಿ ಬರೆದಾಗ ರಾಜನೊಬ್ಬನ ಸಾಮ್ರಾಜ್ಯ ಅಲುಗಾಡಿಸಿದವನು, ಪೂರ್ವಗ್ರಹದಿಂದ ಬರೆದಾಗ ಮುಂದೆ ನಾಜಿಗಳಿಗೆ ಒದಗುವ ಮಾತನ್ನು ಬರೆದ. ಉದ್ದೇಶ ಒಳ್ಳೆಯದಿದ್ದರೆ ಸಾಲದು ಎಂಬುದಕ್ಕೆ ಇಷ್ಟು ನೋವಿನ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಅದೇ ಹೊತ್ತಿಗೆ ನಮ್ಮಲ್ಲಿ ಬೇರೊಂದು ಮಾದರಿ ಸಿದ್ಧವಾಗುತ್ತಿತ್ತು. ಜಲಿಯನ್‌ವಾಲಾ ಬಾಗ್ ಮತ್ತು ಪಂಜಾಬಿನ ಸೇನಾಡಳಿತದ ಬಗ್ಗೆ ಕಾಂಗ್ರೆಸ್ ನೇಮಿಸಿದ ಸಮಿತಿಯಲ್ಲಿ ಗಾಂಧಿ, ಸಿ. ಆರ್. ದಾಸ್, ಅಬ್ಬಾಸ್ ತ್ಯಾಬ್ಜಿ, ಎಂ. ಆರ್. ಜಯಕರ್ ಇದ್ದರು. ಸುಮಾರು 1,700 ಹೇಳಿಕೆಗಳನ್ನು ಪಡೆದರು, ಅದರಲ್ಲಿ 650ರಷ್ಟನ್ನು ಮಾತ್ರ ಪ್ರಕಟಿಸಿದರು. ವರದಿಯ ಕರಡು ಬಹುಪಾಲು ಗಾಂಧಿಯದೇ. ಲೇಶ ಅನುಮಾನವಿದ್ದ ಸಂಗತಿಯನ್ನೂ ಕೈಬಿಡಬೇಕೆಂಬುದು ಅವರ ಹಟ. ಜನ ಉರಿಯುತ್ತಿದ್ದ ಕಾಲ ಅದು. ಆ ಉರಿಗೆ ಎಣ್ಣೆ ಸುರಿಯುವ ಹೇಳಿಕೆಗಳನ್ನು ಬದಿಗಿಡಲು ಎಂಥ ಸಂಯಮ ಬೇಕಿತ್ತೆಂದು ಊಹಿಸಿಕೊಳ್ಳಬಹುದು. ಅದು ಯುದ್ಧದ ತನಿಖೆಯಲ್ಲ ನಿಜ, ಆದರೆ ಶಸ್ತ್ರಬಲದ ವಿರುದ್ಧ ಸಾಕ್ಷ್ಯ ಕಟ್ಟುವ ಕ್ರಮ ಅಲ್ಲಿದೆ.

ಶೀತಲ ಸಮರದ ಅಮೆರಿಕದಲ್ಲಿ ಈ ಕ್ರಮವನ್ನು ಒಬ್ಬಂಟಿಯಾಗಿ ನಡೆಸಿದವರು ಐ. ಎಫ್. ಸ್ಟೋನ್. 1953ರಲ್ಲಿ ಸ್ವಂತ ವಾರಪತ್ರಿಕೆ ಆರಂಭಿಸಿದರು. ಕಿವಿ ಮಂದ, ಪತ್ರಿಕಾಗೋಷ್ಠಿಗಳಿಂದ ಪ್ರಯೋಜನ ಕಡಿಮೆ. ಹಾಗಾಗಿ ಸರ್ಕಾರವೇ ಮುದ್ರಿಸಿ ಯಾರೂ ಓದದೆ ಬಿಟ್ಟ ಕಾಗದಗಳನ್ನು ಓದುತ್ತಿದ್ದರು. 1957ರ ಸೆಪ್ಟೆಂಬರಿನಲ್ಲಿ ನೆವಾಡದಲ್ಲಿ ಅಮೆರಿಕ ಭೂಗತ ಅಣುಪರೀಕ್ಷೆ ನಡೆಸಿತು. ಅದರ ಕಂಪನ 200 ಮೈಲಿಗಿಂತ ಆಚೆ ಗೊತ್ತಾಗಲಿಲ್ಲ ಎಂದು ಅಣುಶಕ್ತಿ ಆಯೋಗ ಹೇಳಿತು. ಹಾಗಿದ್ದರೆ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಅರ್ಥವಿಲ್ಲ, ಕದ್ದು ಮಾಡಿದರೆ ಹಿಡಿಯಲಾಗದು. ಸ್ಟೋನ್‌ಗೆ ಪರೀಕ್ಷೆಯ ಮರುದಿನದ ನ್ಯೂಯಾರ್ಕ್ ಟೈಮ್ಸ್‌ನ ಸಣ್ಣ ಸುದ್ದಿತುಣುಕುಗಳು ನೆನಪಿದ್ದವು; ಟೊರಾಂಟೊ, ರೋಮ್, ಟೋಕಿಯೊಗಳಲ್ಲಿ ಕಂಪನ ದಾಖಲಾಗಿತ್ತೆಂದು ಅವು ಹೇಳಿದ್ದವು. ಅಷ್ಟಕ್ಕೇ ಅವರು ಬರೆಯಲಿಲ್ಲ. ಸರ್ಕಾರದ್ದೇ ಆದ ಭೂಕಂಪನ ವಿಭಾಗಕ್ಕೆ ಹೋಗಿ ಕೇಳಿದರು. 2,000 ಮೈಲಿಗೂ ಆಚೆ, ಅಲಾಸ್ಕದ ಕೇಂದ್ರವೂ ಅದನ್ನು ಗುರುತಿಸಿತ್ತು. ಆಯೋಗ ತನ್ನ ಹೇಳಿಕೆ ತಿದ್ದಿಕೊಳ್ಳಬೇಕಾಯಿತು.

ವಿಯೆಟ್ನಾಂ ಯುದ್ಧದ ಎರಡು ಪ್ರಕರಣಗಳನ್ನು ಜೊತೆಯಾಗಿ ಓದಬೇಕು. ಒಂದು, ರಾನ್ ರೈಡನ್‌ಅವರ್ ಎಂಬ ಯುವ ಮಾಜಿ ಸೈನಿಕ 1969ರ ಮಾರ್ಚಿನಲ್ಲಿ ಬರೆದ ಪತ್ರ. ಮೈ ಲೈ ಹಳ್ಳಿಯಲ್ಲಿ 1968ರ ಮಾರ್ಚ್ 16ರಂದು ನಡೆದ ಕೊಲೆಗಳನ್ನು ಅವನು ಕಂಡಿರಲಿಲ್ಲ. ಅಲ್ಲಿದ್ದ ಸೈನಿಕರಿಂದ ಬೇರೆಬೇರೆ ಸಮಯದಲ್ಲಿ ಕೇಳಿದ್ದ. ಪತ್ರದಲ್ಲಿ ಯಾರು ಹೇಳಿದರು, ಎಲ್ಲಿ ಹೇಳಿದರು, ಅವರು ಸ್ವತಃ ಏನು ನೋಡಿದ್ದರು ಎಂದು ಬಿಡಿಸಿ ಬರೆದ. ಏನು ನಡೆಯಿತೆಂದು ತನಗೆ ಖಚಿತವಾಗಿ ಗೊತ್ತಿಲ್ಲ, ಆದರೆ ಘೋರವಾದುದೇನೋ ನಡೆದಿದೆ ಎಂದು ಮನವರಿಕೆಯಾಗಿದೆ ಎಂದ. ಮೂವತ್ತರಷ್ಟು ಪ್ರತಿಗಳನ್ನು ಸಂಸದರಿಗೂ ಅಧಿಕಾರಿಗಳಿಗೂ ಕಳಿಸಿದ. ಆ ಸೀಮಿತ ಮಾತೇ ತನಿಖೆಯನ್ನು ಅನಿವಾರ್ಯವಾಗಿಸಿತು. ಆ ನವೆಂಬರಿನಲ್ಲಿ ಪತ್ರಕರ್ತ ಸೀಮೋರ್ ಹರ್ಷ್ ಅವರ ವರದಿ ಬಂತು. ವಿಯೆಟ್ನಾಮೀಯರ ಲೆಕ್ಕದಲ್ಲಿ ಸತ್ತವರು 504 ಮಂದಿ. ಅಮೆರಿಕದ ಸೇನೆಯ ಲೆಕ್ಕದಲ್ಲೇ 347. ಪತ್ರ ಉತ್ಪ್ರೇಕ್ಷೆಯಿಂದ ಕೂಡಿದ್ದರೆ ಮೊದಲ ಅಧಿಕಾರಿಯ ಮೇಜಿನ ಮೇಲೇ ಸತ್ತುಹೋಗುತ್ತಿತ್ತು ಎಂದು ನನ್ನ ನಂಬಿಕೆ.

ಇನ್ನೊಂದು, 1971ರ ಜನವರಿ ಕೊನೆಯಲ್ಲಿ ಡೆಟ್ರಾಯಿಟಿನಲ್ಲಿ ನಡೆದ ವಿಂಟರ್ ಸೋಲ್ಜರ್ ವಿಚಾರಣೆ. ವಿಯೆಟ್ನಾಮಿನಿಂದ ಮರಳಿದ ನೂರಕ್ಕೂ ಹೆಚ್ಚು ಸೈನಿಕರು ತಾವು ಕಂಡದ್ದನ್ನು, ಮಾಡಿದ್ದನ್ನು ಹೇಳಿದರು. ಸಂಘಟಕರು ಸೇವಾ ದಾಖಲೆಗಳನ್ನು ಪರಿಶೀಲಿಸುವ ವ್ಯವಸ್ಥೆ ಮಾಡಿದ್ದರು. ಅದಕ್ಕೆ ಕಾರಣವಿತ್ತು. ಮಾರ್ಕ್ ಲೇನ್ ಆಗಷ್ಟೇ ತಂದಿದ್ದ ಸೈನಿಕರ ಸಂದರ್ಶನಗಳ ಪುಸ್ತಕವನ್ನು ಪತ್ರಕರ್ತ ನೀಲ್ ಶೀಹನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ವಿಮರ್ಶಿಸಿ, ಅದರಲ್ಲಿ ಮಾತಾಡಿದ ಕೆಲವರು ತಾವು ಹೇಳಿಕೊಂಡ ಕಡೆ ಸೇವೆಯಲ್ಲೇ ಇರಲಿಲ್ಲವೆಂದು ತೋರಿಸಿದ್ದರು. ಶೀಹನ್ ಯುದ್ಧದ ಪಕ್ಷಪಾತಿಯಲ್ಲ. ಆರೇ ತಿಂಗಳಲ್ಲಿ ಯುದ್ಧದ ಗುಪ್ತ ಚರಿತ್ರೆಯಾದ ಪೆಂಟಗನ್ ದಾಖಲೆಗಳನ್ನು ಜಗತ್ತಿಗೆ ತೋರಿಸಿದವರು ಅವರೇ. ಒಳಗಿನಿಂದಲೇ ಬಂದ ಆ ಕಟು ವಿಮರ್ಶೆ ಚಳವಳಿಗೆ ಉಪಕಾರವನ್ನೇ ಮಾಡಿತು.

ಆದರೆ ಎಚ್ಚರ ಸಾಕ್ಷಿಗಳವರೆಗೆ ಹೋಗಿ ನಾಯಕನ ಬಳಿ ನಿಂತುಬಿಟ್ಟಿತು. ವಿಚಾರಣೆ ನಡೆಸಿದ ಮಾಜಿ ಸೈನಿಕರ ಸಂಘಟನೆಯ ಮುಂಚೂಣಿಯಲ್ಲಿದ್ದ ಆಲ್ ಹಬರ್ಡ್ ತನ್ನನ್ನು ವಾಯುಪಡೆಯ ಕ್ಯಾಪ್ಟನ್, ಪೈಲಟ್ ಎಂದು ಹೇಳಿಕೊಂಡಿದ್ದ. ಆ ಏಪ್ರಿಲಿನಲ್ಲಿ ಟಿವಿಯಲ್ಲಿ ಕಾಣಿಸಿಕೊಂಡ ಬೆನ್ನಿಗೇ ಆತ ಸಾರ್ಜೆಂಟ್ ಮಾತ್ರ ಎಂಬುದು ಹೊರಬಿತ್ತು. ಆತನೇ ಒಪ್ಪಿಕೊಂಡ. ಅದೇ ಸಂಘಟನೆಯ ಜಾನ್ ಕೆರಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದ್ದು ಅದೇ ದಿನಗಳಲ್ಲಿ. ಡೆಟ್ರಾಯಿಟಿನಲ್ಲಿ ಅಳುತ್ತ ಮಾತಾಡಿದ ಹುಡುಗರೆಲ್ಲ ನಟರೆಂದು ದೂರಲು ಈ ಒಂದು ಸುಳ್ಳು ದಶಕಗಳ ಕಾಲ ಬಳಕೆಯಾಯಿತು, ಕೆರಿ ಸ್ಪರ್ಧಿಸಿದ 2004ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯವರೆಗೂ. 2006ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ಗಾಗಿ ನಿಕ್ ಟರ್ಸ್ ಮತ್ತು ಡೆಬೊರಾ ನೆಲ್ಸನ್ ಸೇನೆಯದೇ ಕಡತಗಳ ಸುಮಾರು 9,000 ಪುಟ ಓದಿದಾಗ, ಮೈ ಲೈ ಬಿಟ್ಟು, ಸೇನೆಯೇ ದೃಢಪಡಿಸಿಕೊಂಡಿದ್ದ 320 ಘಟನೆಗಳು ಅಲ್ಲಿದ್ದವು. ಆ ಕಡತಗಳು ಕಪಾಟಿನಲ್ಲಿ ಕೂತಿದ್ದಷ್ಟೂ ಕಾಲ ಹಬರ್ಡನ ಹೆಸರು ಮಾತ್ರ ಎಲ್ಲರ ಬಾಯಲ್ಲಿತ್ತು. 2008ರ ಮಾರ್ಚಿನಲ್ಲಿ ಇರಾಕ್ ಮತ್ತು ಅಫ್ಗಾನಿಸ್ತಾನದಿಂದ ಮರಳಿದ ಸೈನಿಕರು ಅದೇ ಹೆಸರಿನ ವಿಚಾರಣೆ ನಡೆಸುವಾಗ ಸೇವಾಪತ್ರ, ಜೊತೆಯ ಸೈನಿಕರ ಹೇಳಿಕೆ, ಫೋಟೊ ಎಲ್ಲವನ್ನೂ ಮುಂಚಿತವಾಗಿ ತಾಳೆ ನೋಡುವ ತಂಡವನ್ನೇ ಕಟ್ಟಿದರು.

ಇರಾಕಿನ ಮೇಲೆ 1990ರಿಂದ ಹೇರಿದ ಆರ್ಥಿಕ ದಿಗ್ಬಂಧನದ ಚರ್ಚೆಗೆ ಬಂದರೆ ಸಮಸ್ಯೆ ಇನ್ನೂ ಜಟಿಲ. ಐದು ಲಕ್ಷ ಮಕ್ಕಳು ಸತ್ತರು ಎಂಬ ಮಾತು ಆ ದಶಕದ ಪ್ರತಿಭಟನೆಗಳ ಕೇಂದ್ರದಲ್ಲಿತ್ತು. ಅದರ ಒಂದು ಮೂಲ 1995ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗೆ ಬಂದ ಪತ್ರ. ಅದರ ಲೇಖಕಿಯರಲ್ಲಿ ಒಬ್ಬರಾದ ಸಾರಾ ಝೈದಿ ಮರುಸಮೀಕ್ಷೆ ಮಾಡಿಸಿದಾಗ ಮೊದಲ ಅಂಕಿಗಳು ನಿಲ್ಲಲಿಲ್ಲ. 1997ರಲ್ಲಿ ಅದೇ ಪತ್ರಿಕೆಯಲ್ಲಿ ಹಾಗೆಂದು ಬರೆದರು. ಆ ಪ್ರಾಮಾಣಿಕತೆಯನ್ನು ಯಾರೂ ಗಮನಿಸಲಿಲ್ಲ. 1999ರ ಯುನಿಸೆಫ್ ಸಮೀಕ್ಷೆ ಮತ್ತೆ ಐದು ಲಕ್ಷದ ಅಂದಾಜಿಗೇ ಬಂತು, ಆದರೆ ಸದ್ದಾಂ ಸರ್ಕಾರದ ಜೊತೆಗೂಡಿ ನಡೆಸಿದ ಸಮೀಕ್ಷೆ ಅದು. ಸದ್ದಾಂ ಬಿದ್ದ ಮೇಲೆ ನಡೆದ ಹಲವು ಸಮೀಕ್ಷೆಗಳಲ್ಲಿ ಶಿಶುಮರಣದ ಅಂಥ ಜಿಗಿತ ಕಾಣಲೇ ಇಲ್ಲ. ಹಳೆಯ ಅಂಕಿಗಳನ್ನು ಇರಾಕಿ ಸರ್ಕಾರ ತಿರುಚಿತ್ತೆಂದು 2017ರಲ್ಲಿ ಬಿಎಂಜೆ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಪ್ರಬಂಧ ವಾದಿಸಿತು.

ಇದರಿಂದ ದಿಗ್ಬಂಧನ ನಿರಪಾಯವೆಂದು ಆಗುವುದಿಲ್ಲ. ನೀರು ಶುದ್ಧೀಕರಣ ಘಟಕಗಳು ನಿಂತಿದ್ದವು, ಸಂಬಳಕ್ಕೆ ಬೆಲೆಯಿರಲಿಲ್ಲ, ಮಧ್ಯಮವರ್ಗ ಮನೆಯ ಪುಸ್ತಕ ಮಾರಿ ಉಣ್ಣುತ್ತಿತ್ತು. ಇರಾಕಿನಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಮುಖ್ಯಸ್ಥರಾಗಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ನಂತರ ಬಂದ ಹಾನ್ಸ್ ಫಾನ್ ಸ್ಪೊನೆಕ್ 2000ದಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಇಷ್ಟೆಲ್ಲ ಕಣ್ಣೆದುರಿಗಿದ್ದೂ ಚಳವಳಿ ತನ್ನ ಇಡೀ ಭಾರವನ್ನು ಒಂದೇ ಸಂಖ್ಯೆಯ ಮೇಲೆ ಹಾಕಿತು. ಬೇಸಾಯ ಬಲ್ಲವರು ಒಂದೇ ಗೂಟಕ್ಕೆ ಎಲ್ಲ ದನ ಕಟ್ಟುವುದಿಲ್ಲ. ಗೂಟ ಕಿತ್ತಾಗ, ದಿಗ್ಬಂಧನದ ನೋವೇ ಸುಳ್ಳೆನ್ನಲು ಅವಕಾಶ ಸಿಕ್ಕಿತು.

2003ರ ಹೊಸ್ತಿಲಲ್ಲಿ ಅದೇ ದಿಗ್ಬಂಧನ ವಿರೋಧಿ ವಲಯದಿಂದಲೇ ಅತ್ಯುತ್ತಮ ಕೆಲಸವೂ ಬಂತು. ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಭದ್ರತಾ ಮಂಡಳಿಯಲ್ಲಿ ಇರಾಕ್ ಕುರಿತ ಬ್ರಿಟಿಷ್ ಸರ್ಕಾರದ ಹೊಸ ದಸ್ತಾವೇಜನ್ನು ಹೊಗಳಿದರು. ಕೇಂಬ್ರಿಜ್ ಅಧ್ಯಾಪಕ ಗ್ಲೆನ್ ರಂಗ್‌ವಾಲಾ ಓದಿದಾಗ ಆ ಸಾಲುಗಳು ಪರಿಚಿತವೆನಿಸಿದವು. ಅದರ ದೊಡ್ಡ ಭಾಗ ಇಬ್ರಾಹಿಂ ಅಲ್-ಮರಾಶಿ ಎಂಬ ಸಂಶೋಧಕನ ಲೇಖನದಿಂದ ನಕಲು. ಮೂಲದ ಅಚ್ಚಿನ ತಪ್ಪುಗಳೂ ಹಾಗೆಯೇ ಬಂದಿದ್ದವು. ಬದಲಾದ ಕಡೆ ಇನ್ನೂ ಕೆಟ್ಟದ್ದಿತ್ತು: ಲೇಖನದಲ್ಲಿ ವಿರೋಧಿ ಗುಂಪುಗಳು ಎಂದಿದ್ದದ್ದು ದಸ್ತಾವೇಜಿನಲ್ಲಿ ಭಯೋತ್ಪಾದಕ ಸಂಘಟನೆಗಳಾಗಿತ್ತು. ರಂಗ್‌ವಾಲಾ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಮರುದಿನ ಚಾನೆಲ್ 4 ಸುದ್ದಿ ಮಾಡಿತು. ಅದೇ ತಿಂಗಳ 15ರಂದು ಲಂಡನ್ನಿನ ಬೀದಿಗಳಲ್ಲಿ ಪೊಲೀಸರ ಲೆಕ್ಕಕ್ಕೇ ಏಳೂವರೆ ಲಕ್ಷ ಜನ ನಡೆದರು. ಯುದ್ಧ ನಿಲ್ಲಲಿಲ್ಲ ನಿಜ. ಆದರೆ ಆ ದಸ್ತಾವೇಜನ್ನು ಅದರ ನಂತರ ಗಂಭೀರವಾಗಿ ಸಮರ್ಥಿಸಿಕೊಳ್ಳಲು ಸರ್ಕಾರಕ್ಕೂ ಆಗಲಿಲ್ಲ.

ನಿಜವನ್ನೇ ಹೇಳುವಾಗಲೂ ಅಕ್ಷರಶಃ ಎಚ್ಚರ ಬೇಕು ಎಂಬುದಕ್ಕೆ ಕ್ಯಾಥರಿನ್ ಗನ್ ಪ್ರಕರಣ ನೋಡಿ. ಭದ್ರತಾ ಮಂಡಳಿಯ ಸದಸ್ಯರ ಮೇಲೆ ಬೇಹುಗಾರಿಕೆಗೆ ಅಮೆರಿಕ ಕೋರಿದ ಗುಪ್ತ ಟಿಪ್ಪಣಿಯನ್ನು ಈ ಬ್ರಿಟಿಷ್ ಗುಪ್ತಚರ ಉದ್ಯೋಗಿ ಹೊರಹಾಕಿದಳು. ಅಬ್ಸರ್ವರ್ ಪತ್ರಿಕೆ ಮಾರ್ಚ್ 2ರಂದು ಪ್ರಕಟಿಸಿತು. ಆದರೆ ಕಚೇರಿಯಲ್ಲಿ ಮರುಟೈಪ್ ಮಾಡುವಾಗ ಅಮೆರಿಕನ್ ಕಾಗುಣಿತ ಬ್ರಿಟಿಷ್ ಕಾಗುಣಿತವಾಗಿಬಿಟ್ಟಿತ್ತು. ಅಷ್ಟನ್ನೇ ಹಿಡಿದು ಟಿಪ್ಪಣಿಯೇ ನಕಲಿ ಎಂದು ಅಮೆರಿಕದಲ್ಲಿ ಸುದ್ದಿಯಾಯಿತು, ಗೊತ್ತಾಗಿದ್ದ ಟಿವಿ ಸಂದರ್ಶನಗಳು ರದ್ದಾದವು. ಯುದ್ಧಕ್ಕೆ ಉಳಿದಿದ್ದದ್ದು ಮೂರು ವಾರಕ್ಕಿಂತ ಕಡಿಮೆ. ಟಿಪ್ಪಣಿ ಅಸಲಿಯೇ ಆಗಿತ್ತು. ಬಿಬಿಸಿಯ ಆಂಡ್ರ್ಯೂ ಗಿಲ್ಲಿಗನ್ ಅವರದೂ ಇಂಥದೇ ಸಂಕಟ. ಇರಾಕ್ 45 ನಿಮಿಷದಲ್ಲಿ ದಾಳಿ ಮಾಡಬಲ್ಲದು ಎಂಬ ಮಾತನ್ನು ಸರ್ಕಾರ ಹಿಗ್ಗಿಸಿತ್ತೆಂಬ ವರದಿಯ ತಿರುಳು ನಿಂತಿತು. ಅದು ತಪ್ಪೆಂದು ಸರ್ಕಾರಕ್ಕೆ ಬಹುಶಃ ಗೊತ್ತಿತ್ತು ಎಂದು ಬೆಳಗಿನ ಪ್ರಸಾರದಲ್ಲಿ ಸೇರಿಸಿದ ಒಂದು ವಾಕ್ಯ ಬಿಬಿಸಿಯ ಇಬ್ಬರು ಮುಖ್ಯಸ್ಥರ ಸ್ಥಾನ ಕಸಿಯಿತು.

ಸತ್ತವರ ಲೆಕ್ಕದ ವಿಷಯಕ್ಕೆ ಬಂದಾಗ ಚಳವಳಿ ತನ್ನೊಳಗೇ ಹೊಡೆದಾಡಿತು. ಹಮಿತ್ ದರ್ದಗಾನ್ ಮತ್ತು ಜಾನ್ ಸ್ಲೊಬೊಡಾ ಕಟ್ಟಿದ ಇರಾಕ್ ಬಾಡಿ ಕೌಂಟ್, ದಾಖಲೆಯಿರುವ ನಾಗರಿಕ ಸಾವುಗಳನ್ನು ಮಾತ್ರ ಒಂದೊಂದಾಗಿ ಸೇರಿಸುತ್ತ ಹೋಯಿತು. 2006ರ ಲ್ಯಾನ್ಸೆಟ್ ಅಧ್ಯಯನ ಮನೆಮನೆ ಸಮೀಕ್ಷೆಯಿಂದ 6,54,965 ಹೆಚ್ಚುವರಿ ಸಾವುಗಳ ಅಂದಾಜು ಕೊಟ್ಟಿತು. ಅದೇ ಅವಧಿಗೆ ಇರಾಕ್ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆ ಹಿಂಸೆಯಿಂದ ಸತ್ತವರು 1,51,000 ಎಂದಿತು. ಯುದ್ಧ ವಿರೋಧಿಗಳಲ್ಲೇ ಕೆಲವರು ಬಾಡಿ ಕೌಂಟ್ ತಂಡವನ್ನು ಸರ್ಕಾರದ ಸಹಾಯಕರೆಂದು ಜರೆದರು, ಅದರ ಸಂಖ್ಯೆ ಚಿಕ್ಕದು ಎಂಬ ಕಾರಣಕ್ಕೆ. ಇದು ನನಗೆ ಅತ್ಯಂತ ಅನ್ಯಾಯವಾಗಿ ಕಾಣುತ್ತದೆ. ದಾಖಲಾದ ಸಾವು ಬೇರೆ, ಅಂದಾಜು ಬೇರೆ. ಹಿಂಸೆಯ ಸಾವು ಬೇರೆ, ಆಸ್ಪತ್ರೆಯಿಲ್ಲದೆ ಔಷಧಿಯಿಲ್ಲದೆ ಸತ್ತದ್ದು ಬೇರೆ. ಇವನ್ನು ಕಲಸಿ ಅತಿ ದೊಡ್ಡದನ್ನು ಫಲಕದ ಮೇಲೆ ಬರೆಯುವುದು ಸತ್ತವರಿಗೆ ತೋರುವ ಗೌರವವಲ್ಲ. 2009ರಲ್ಲಿ ಅಮೆರಿಕದ ಜನಾಭಿಪ್ರಾಯ ಸಂಶೋಧಕರ ಸಂಘ, ಲ್ಯಾನ್ಸೆಟ್ ಅಧ್ಯಯನದ ಮುಖ್ಯಸ್ಥರು ತಮ್ಮ ವಿಧಾನದ ಮೂಲಭೂತ ವಿವರ ಕೊಡಲು ನಿರಾಕರಿಸಿದರೆಂದು ಖಂಡಿಸಿತು. ಇತ್ತ ಬ್ರಿಟಿಷ್ ಸರ್ಕಾರ ಅದೇ ಅಧ್ಯಯನವನ್ನು ಹೊರಗೆ ತಳ್ಳಿಹಾಕುತ್ತಿದ್ದಾಗ, ಅದರ ರಕ್ಷಣಾ ಇಲಾಖೆಯ ವೈಜ್ಞಾನಿಕ ಸಲಹೆಗಾರ ಒಳಗೆ ಆ ವಿಧಾನವನ್ನು ಗಟ್ಟಿಯೆಂದು ಬರೆದಿದ್ದರು. ಎರಡು ಕಡೆಯೂ ಮುಚ್ಚಿಟ್ಟದ್ದರಿಂದ ಓದುಗ ಕತ್ತಲಲ್ಲಿ ಉಳಿದ.

ಇನ್ನೊಂದು ರೋಗ ಹೆಚ್ಚು ಆಳದ್ದು. ನಮ್ಮ ಸರ್ಕಾರ ಯಾರ ಮೇಲೆ ಯುದ್ಧ ಸಾರುತ್ತದೋ ಅವರು ನಿರಪರಾಧಿಗಳೇ ಇರಬೇಕು ಎಂಬ ನಂಬಿಕೆ. 1992ರಲ್ಲಿ ಬೋಸ್ನಿಯಾದ ತ್ರ್ನೊಪೊಲ್ಯೆ ಶಿಬಿರದಲ್ಲಿ ಮುಳ್ಳುತಂತಿಯ ಹಿಂದೆ ನಿಂತ ಎಲುಬಿನ ಹಂದರದಂಥ ಮನುಷ್ಯನ ದೃಶ್ಯವನ್ನು ಬ್ರಿಟನ್ನಿನ ಟಿವಿ ಸುದ್ದಿಸಂಸ್ಥೆ ಐಟಿಎನ್ ತೋರಿಸಿತು. ಪಾಶ್ಚಾತ್ಯ ಹಸ್ತಕ್ಷೇಪವನ್ನು ವಿರೋಧಿಸುತ್ತಿದ್ದ ಎಲ್‌ಎಂ ಎಂಬ ಪತ್ರಿಕೆ 1997ರಲ್ಲಿ ಅದು ಜಗತ್ತನ್ನು ಮೋಸಗೊಳಿಸಿದ ಚಿತ್ರವೆಂದು ಬರೆಯಿತು. 2000ದಲ್ಲಿ ಲಂಡನ್ ನ್ಯಾಯಾಲಯದಲ್ಲಿ ಸೋತು, 3,75,000 ಪೌಂಡ್ ಪರಿಹಾರದ ಹೊರೆಯಲ್ಲಿ ಮುಚ್ಚಿಹೋಯಿತು. ಸಿರಿಯಾದಲ್ಲಿ ಇದೇ ಮರುಕಳಿಸಿತು. 2017ರ ಖಾನ್ ಶೇಖುನ್ ವಿಷಾನಿಲ ದಾಳಿಗೆ ಸಿರಿಯಾದ ಅಸದ್ ಸರ್ಕಾರವೇ ಹೊಣೆಯೆಂದು ವಿಶ್ವಸಂಸ್ಥೆಯ ಜಂಟಿ ತನಿಖೆ ಹೇಳಿದ ಮೇಲೂ, ಇರಾಕಿನಲ್ಲಿ ಒಮ್ಮೆ ಮೋಸಹೋದವರು ಅದನ್ನು ನಂಬಲಿಲ್ಲ. ಅವರ ಅನುಮಾನದ ಮೂಲ ನನಗೆ ಅರ್ಥವಾಗುತ್ತದೆ. ಆದರೆ ಬಾಂಬ್ ಹಾಕಬೇಡಿ ಎನ್ನಲು, ಸತ್ತ ಮಕ್ಕಳನ್ನು ನಾಟಕವೆನ್ನುವ ಅಗತ್ಯವಿಲ್ಲ. ಅಸದ್ ಕೊಂದದ್ದು ನಿಜ, ಹೊಸ ಯುದ್ಧ ಪರಿಹಾರವಲ್ಲ: ಎರಡೂ ಒಂದೇ ಬಾಯಲ್ಲಿ ಹೇಳಬಹುದಾದ ಮಾತುಗಳು.

ನಮ್ಮ ದೇಶದಲ್ಲೂ ಈ ಪ್ರಶ್ನೆ ದೂರದ್ದಲ್ಲ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡ್ಗಾಮಿನಲ್ಲಿ ವಾಯುಪಡೆಯ ಹೆಲಿಕಾಪ್ಟರ್ ಬಿದ್ದು ಆರು ಯೋಧರು ಮತ್ತು ಒಬ್ಬ ನಾಗರಿಕ ಸತ್ತರು. ಕಾರಣ ಕೇಳುವುದೇ ದೇಶದ್ರೋಹ ಎಂಬ ವಾತಾವರಣ ಆಗ ಇತ್ತು. ನಮ್ಮದೇ ಕ್ಷಿಪಣಿ ಬಡಿದದ್ದೆಂದು, ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರೇ ಆ ಅಕ್ಟೋಬರಿನಲ್ಲಿ ಒಪ್ಪಿಕೊಂಡರು. 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದೊಂದಿಗಿನ ಸಂಘರ್ಷದ ವೇಳೆ, ಕರಾಚಿ ಬಂದರು ನಾಶವಾಯಿತೆಂದು ಟಿವಿಗಳು ಕೂಗಿದವು; ಹಾಗೇನೂ ಆಗಿರಲಿಲ್ಲ. ನಮ್ಮ ಮನೆಗಳ ವಾಟ್ಸಾಪ್ ಗುಂಪುಗಳಲ್ಲಿ ಎಲ್ಲಿಯದೋ ಸ್ಫೋಟದ ಹಳೆಯ ವಿಡಿಯೊಗಳು ಓಡಾಡಿದವು. ಶಾಂತಿ ಬಯಸುವವರೂ ಹೀಗೆ ಬಂದ ಚಿತ್ರಗಳನ್ನು, ತಮಗೆ ಒಪ್ಪುವ ಬರಹ ಸೇರಿಸಿ, ಮುಂದಕ್ಕೆ ತಳ್ಳುವುದುಂಟು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಮ್ಮ ಹಿರಿಯರ ಕಾಲದಲ್ಲಿ ಮೊಬೈಲ್ ಇರಲಿಲ್ಲ, ಆದರೆ ಮಾತು ಮೊಬೈಲಿಗೆಂದೇ ಆಡಿದಂತಿದೆ.

ಗಾಜಾದ ವಿಷಯದಲ್ಲಿ ಈ ಎಲ್ಲ ಪ್ರಶ್ನೆಗಳೂ ಒಟ್ಟಿಗೆ ಬಂದಿವೆ. 2023ರ ಅಕ್ಟೋಬರ್ 17ರಂದು ಅಲ್-ಅಹ್ಲಿ ಆಸ್ಪತ್ರೆಯ ಆವರಣದಲ್ಲಿ ಸ್ಫೋಟವಾದಾಗ, ಇಸ್ರೇಲಿನ ದಾಳಿಯಲ್ಲಿ 500 ಮಂದಿ ಸತ್ತರೆಂಬ ಮಾತು ಗಂಟೆಯೊಳಗೆ ಜಗತ್ತನ್ನು ಸುತ್ತಿತು. ತಪ್ಪಿ ಬಿದ್ದ ಪ್ಯಾಲೆಸ್ಟೀನಿ ರಾಕೆಟ್ ಇರುವ ಸಾಧ್ಯತೆಯೇ ಹೆಚ್ಚೆಂದು ಹ್ಯೂಮನ್ ರೈಟ್ಸ್ ವಾಚ್ ಆಮೇಲೆ ಹೇಳಿತು. ಆರಂಭದ ವರದಿ ಒಂದು ಕಡೆಯ ಹೇಳಿಕೆಯನ್ನೇ ಅತಿಯಾಗಿ ನೆಚ್ಚಿತ್ತೆಂದು ನ್ಯೂಯಾರ್ಕ್ ಟೈಮ್ಸ್ ಸಂಪಾದಕರ ಟಿಪ್ಪಣಿ ಹಾಕಿತು. ಒಂದು ವಾರದ ನಂತರ ಅಧ್ಯಕ್ಷ ಬೈಡನ್ ಗಾಜಾದ ಸಾವಿನ ಲೆಕ್ಕವನ್ನೇ ತಾನು ನಂಬುವುದಿಲ್ಲವೆಂದರು. ಮರುದಿನ ಗಾಜಾದ ಆರೋಗ್ಯ ಇಲಾಖೆ 6,747 ಹೆಸರುಗಳ ಪಟ್ಟಿ ಹೊರಡಿಸಿತು: ಹೆಸರು, ವಯಸ್ಸು, ಲಿಂಗ, ಗುರುತಿನ ಸಂಖ್ಯೆ. ಆಗ ಹೊರಗಿನವರು ಪರೀಕ್ಷಿಸಲು ಒಂದು ವಸ್ತು ಸಿಕ್ಕಿತು. ಏರ್‌ವಾರ್ಸ್ ಎಂಬ ಲಂಡನ್ನಿನ ಸಂಸ್ಥೆ ತಾನು ಸ್ವತಂತ್ರವಾಗಿ ಕಲೆಹಾಕಿದ ಮೊದಲ ವಾರಗಳ ಮೃತರ ಹೆಸರುಗಳನ್ನು ತಾಳೆ ನೋಡಿದಾಗ ನಾಲ್ಕರಲ್ಲಿ ಮೂರರಷ್ಟು ಆ ಪಟ್ಟಿಯಲ್ಲೂ ಇದ್ದವು. ಇಲಾಖೆ ನಂತರದ ಪಟ್ಟಿಗಳಿಂದ ಕೆಲವು ಹೆಸರುಗಳನ್ನು ಪರಿಶೀಲಿಸಿ ತೆಗೆದದ್ದೂ ಇದೆ. ಹೋರಾಟಗಾರರು ಯಾರು, ನಾಗರಿಕರು ಯಾರು ಎಂದು ಆ ಪಟ್ಟಿ ಬೇರ್ಪಡಿಸುವುದಿಲ್ಲ. ಸತ್ತವರೆಲ್ಲ ನಾಗರಿಕರೆಂದು ಹೇಳುವವರು ಪಟ್ಟಿಗಿಂತ ಹೆಚ್ಚು ಹೇಳುತ್ತಿದ್ದಾರೆ.

2024ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಾನವೀಯ ಕಚೇರಿ, ಸತ್ತ ಮಕ್ಕಳು 14,500ಕ್ಕೂ ಹೆಚ್ಚು ಎಂಬ ಹಿಂದಿನ ಅಂಕಿಯ ಜಾಗದಲ್ಲಿ, ಪೂರ್ಣವಾಗಿ ಗುರುತು ಸಿಕ್ಕ 7,797 ಮಕ್ಕಳು ಎಂದು ಪ್ರಕಟಿಸಿತು. ಸಾವಿನ ಲೆಕ್ಕ ಅರ್ಧಕ್ಕಿಳಿಯಿತೆಂದು ಯುದ್ಧದ ಸಮರ್ಥಕರು ಸಂಭ್ರಮಿಸಿದರು. ಅದೂ ತಪ್ಪು, ಒಟ್ಟು ಸುಮಾರು 35,000ದಲ್ಲೇ ಇತ್ತು, ಇನ್ನೂ ಹತ್ತು ಸಾವಿರದಷ್ಟು ಹೆಣಗಳ ಪೂರ್ಣ ವಿವರ ಬಾಕಿಯಿತ್ತು. ಯುದ್ಧ ವಿರೋಧಿಗಳಲ್ಲಿ ಹಲವರು ಹಳೆಯ ದೊಡ್ಡ ಅಂಕಿಯನ್ನೇ ಹಿಡಿದು ಜಗಳಕ್ಕೆ ನಿಂತರು. 7,797 ಮಕ್ಕಳ ಹೆಸರು ಮತ್ತು ಗುರುತಿನ ಸಂಖ್ಯೆ ಇದೆ, ಬೇಕಾದವರು ಪರೀಕ್ಷಿಸಿ ಎಂದು ಅಂದು ಹೇಳಿದವರ ಮುಂದೆ ಎದುರಾಳಿಗಳಿಗೆ ಸಂಖ್ಯೆಯ ಜಗಳ ಉಳಿಯಲಿಲ್ಲ. ಆ ಸಾವುಗಳ ಬಗ್ಗೆಯೇ ಉತ್ತರ ಕೊಡಬೇಕಾಯಿತು.